ರಕ್ಕಸನನ್ನು ಹುಟ್ಟಿಸುವವನ ಹೊಣೆ

ನಮ್ಮ ವಿದ್ಯಾರ್ಥಿ ಬಂಧುಗಳಲ್ಲಿ ಕಥೆ ಬರೆಯುವ ಹವ್ಯಾಸವುಳ್ಳವರು ಈಚೆಗೆ ಹೊಸದೊಂದು ದಾರಿಯನ್ನು ಹಿಡಿದಿದ್ದಾರೆ. ಮನೆಯ ಕಥೆ, ಊರಿನ ಕಥೆ, ಪ್ರೇಮದ ಕಥೆ ಇವೆಲ್ಲವನ್ನೂ ಬದಿಗಿರಿಸಿ, ಎಲ್ಲಿಯೂ ಇಲ್ಲದ ಒಂದು ಲೋಕವನ್ನು ತಾವೇ ಕಟ್ಟುತ್ತಾರೆ. ಅದಕ್ಕೊಂದು ನಕಾಶೆ ಬರೆಯುತ್ತಾರೆ. ಅದರೊಳಗೆ ಯಾರೂ ಕಾಣದ ಪ್ರಾಣಿಗಳನ್ನು ಬಿಡುತ್ತಾರೆ. ಎರಡು ಪಂಗಡ ದೇವತೆಗಳನ್ನು ಹುಟ್ಟಿಸಿ ಅವರಲ್ಲಿ ಯುದ್ಧ ಹೂಡುತ್ತಾರೆ. ಇದು ಕೆಟ್ಟ ಚಟವೆಂದು ಹಿರಿಯರು ಕೆಲವರು ಹುಬ್ಬು ಗಂಟಿಕ್ಕುವುದುಂಟು. ನಾನು ಆ ಪಕ್ಷದವನಲ್ಲ. ಇಲ್ಲದ್ದನ್ನು ಕಲ್ಪಿಸುವ ಶಕ್ತಿ ಮನುಷ್ಯನಿಗೆ ದೊರೆತ ದೊಡ್ಡ ವರ. ಆದರೆ ಇಂಥ ಕಥೆಗಳನ್ನು ಓದುವಾಗ ಒಂದು ಕೊರತೆ ಎದ್ದು ಕಾಣುತ್ತದೆ. ದೇವತೆಗಳ ಪಕ್ಷಕ್ಕೆ ವಂಶ, ಧರ್ಮ, ಹಾಡು, ಹಬ್ಬ ಎಲ್ಲವೂ ಇರುತ್ತವೆ. ರಕ್ಕಸರ ಪಕ್ಷಕ್ಕೆ ಹಲ್ಲು, ಉಗುರು, ಕರಿಯ ಮೈ ಇಷ್ಟೇ. ಅವರು ಏಕೆ ಕಾದುತ್ತಾರೆ ಎಂದು ಕೇಳಿದರೆ, ಅವರು ಕೆಟ್ಟವರು, ಅದಕ್ಕೇ ಕಾದುತ್ತಾರೆ ಎಂಬ ಉತ್ತರ.

ಈ ಉತ್ತರ ಸಾಲದೆಂಬುದೇ ಈ ಲೇಖನದ ಒಟ್ಟು ಮಾತು. ಕಲ್ಪಿತ ಲೋಕವೊಂದರ ಬೆಲೆಯನ್ನು ಅಲ್ಲಿಯ ರಕ್ಕಸನಿಗೆ ಎಷ್ಟು ತಲೆಗಳಿವೆ ಎಂಬುದರಿಂದ ಅಳೆಯಬಾರದು. ಸೋಲಲಿರುವ ಆ ರಕ್ಕಸನಿಗೆ ಕರ್ತೃವು ಎಷ್ಟು ನ್ಯಾಯ ಸಲ್ಲಿಸಿದ್ದಾನೆ ಎಂಬುದರಿಂದ ಅಳೆಯಬೇಕು. ಇದನ್ನು ಕಲಿಯಲು ನಾವು ಬಹುದೂರ ಹೋಗಬೇಕಾಗಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಈ ಸೀಮೆಯಷ್ಟು ದೇವಾಸುರರ ಹೆಜ್ಜೆ ಗುರುತುಗಳು ಒತ್ತೊತ್ತಾಗಿ ಬಿದ್ದಿರುವ ನೆಲ ಕನ್ನಡ ನಾಡಿನಲ್ಲಿ ವಿರಳ.

ಮೊದಲು ಬಾದಾಮಿಯನ್ನೇ ತೆಗೆದುಕೊಳ್ಳೋಣ. ಇಲ್ವಲ, ವಾತಾಪಿ ಎಂಬ ಅಣ್ಣತಮ್ಮಂದಿರ ಕಥೆ ನಮಗೆಲ್ಲ ಗೊತ್ತಿದ್ದುದೇ. ತಮ್ಮನನ್ನು ಟಗರಾಗಿ ಮಾಡಿ, ಕೊಯ್ದು, ಅಡಿಗೆ ಮಾಡಿ ಅತಿಥಿಗೆ ಬಡಿಸುವುದು. ಉಂಡಾದ ಮೇಲೆ ಅಣ್ಣನು ಹೆಸರು ಹಿಡಿದು ಕೂಗುವುದು. ತಮ್ಮನು ಅತಿಥಿಯ ಹೊಟ್ಟೆಯನ್ನು ಸೀಳಿಕೊಂಡು ಹೊರಬರುವುದು. ಇಷ್ಟನ್ನು ಮಾತ್ರ ನೆನಪಿಟ್ಟವರು ಕಥೆಯ ಮೊದಲ ಭಾಗವನ್ನು ಮರೆಯುತ್ತಾರೆ. ಮಹಾಭಾರತದ ವನಪರ್ವದಲ್ಲಿ ಇಲ್ವಲನು ಒಬ್ಬ ತಪಸ್ವಿಯನ್ನು ಕಂಡು, ಇಂದ್ರನಿಗೆ ಸಮನಾದ ಮಗನೊಬ್ಬನನ್ನು ತನಗೆ ಕರುಣಿಸಬೇಕೆಂದು ಬೇಡುತ್ತಾನೆ. ತಪಸ್ವಿ ಒಪ್ಪುವುದಿಲ್ಲ. ಆ ನಿರಾಕರಣೆಯಿಂದ ಅವನ ಕೋಪ ಹುಟ್ಟುತ್ತದೆ. ಕೋಪದಿಂದ ಈ ಘೋರ ಆತಿಥ್ಯ. ಅವನು ಮಾಡಿದ್ದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅನ್ಯಾಯದ ಹಿಂದೆ ಮಗನಿಗಾಗಿ ಕೈಯೊಡ್ಡಿ ಬರಿಗೈಯಲ್ಲಿ ಮರಳಿದ ಒಬ್ಬ ಅರ್ಥಿ ಇದ್ದಾನೆ. ವ್ಯಾಸರು ಅವನನ್ನು ಮುಚ್ಚಿಡಲಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಅಗಸ್ತ್ಯರು ಇಲ್ವಲನ ಮನೆಗೆ ರಾಕ್ಷಸ ಸಂಹಾರಕ್ಕೆಂದು ಹೊರಟವರಲ್ಲ. ಪತ್ನಿ ಲೋಪಾಮುದ್ರೆಗೆ ಒಡವೆ ವಸ್ತ್ರಗಳ ಆಸೆಯಾಗಿ, ಋಷಿ ಹಣ ಹುಡುಕುತ್ತ ಮೂವರು ಅರಸರ ಬಾಗಿಲಿಗೆ ಹೋದರು. ಮೂವರ ಲೆಕ್ಕದಲ್ಲಿಯೂ ಆಯ ವ್ಯಯಗಳು ಸರಿಸಮ, ಮಿಗತೆಯಿಲ್ಲ. ಕೊನೆಗೆ ಹಣವಿದ್ದುದು ಅಸುರನ ಮನೆಯಲ್ಲಿ. ವಾತಾಪಿ ಜೀರ್ಣವಾದ ಬಳಿಕ ಭಾರತದ ಇಲ್ವಲನು ಕೈಮುಗಿದು ಧನವನ್ನು ಕೊಡುತ್ತಾನೆ. ರಾಮಾಯಣದ ಅರಣ್ಯಕಾಂಡದಲ್ಲಿಯೋ ಅವನು ಋಷಿಯ ಮೇಲೆ ಏರಿಹೋಗಿ ಕಣ್ಣಿನ ಕಿಚ್ಚಿಗೆ ಬೂದಿಯಾಗುತ್ತಾನೆ. ಒಂದೇ ರಕ್ಕಸನಿಗೆ ಇಬ್ಬರು ಮಹಾಕವಿಗಳು ಎರಡು ಕೊನೆಗಳನ್ನು ಕೊಟ್ಟರು. ಅವನ ಗತಿ ಏನಾಗಬೇಕೆಂದು ಇಬ್ಬರೂ ಯೋಚಿಸಿದರೆಂಬುದಕ್ಕೆ ಇದೇ ಸಾಕ್ಷಿ.

ಮಾಯೆಯ ವಿಷಯದಲ್ಲಿಯೂ ಈ ಕಥೆ ನಮಗೆ ಪಾಠವಾಗಿದೆ. ಇಲ್ವಲನ ಮಾಯೆಗೆ ಕಟ್ಟಳೆಯಿದೆ. ಕೂಗುವವನು ಕೂಗಬೇಕು, ಬರುವವನು ಅಷ್ಟರಲ್ಲಿ ಅರಗಿರಬಾರದು. ಈ ಎರಡನೆಯ ಕಟ್ಟಳೆಯ ಸಂದಿನಲ್ಲಿಯೇ ಅಗಸ್ತ್ಯರು ಗೆದ್ದರು. ನಮ್ಮ ಹೊಸ ಕಥೆಗಳಲ್ಲಿ ಮಾಯೆಯು ಕರ್ತೃವಿಗೆ ಬೇಕಾದಾಗ ಹೆಚ್ಚುತ್ತದೆ, ಬೇಡವಾದಾಗ ಕುಗ್ಗುತ್ತದೆ. ಎಲ್ಲೆಯಿಲ್ಲದ ಮಾಯೆಯಲ್ಲಿ ಗೆಲುವಿಗೂ ಅರ್ಥವಿಲ್ಲ, ಸೋಲಿಗೂ ಅರ್ಥವಿಲ್ಲ.

ವ್ಯಾಸಭಾರತವು ಇಲ್ವಲನ ಪಟ್ಟಣವನ್ನು ಮಣಿಮತಿ ಎನ್ನುತ್ತದೆ; ನಮ್ಮ ಜನ ಅದನ್ನು ಬಾದಾಮಿ ಎನ್ನುತ್ತಾರೆ. ಅದಿರಲಿ. ಆಶ್ಚರ್ಯದ ಸಂಗತಿ ಬೇರೆ. ಕೆರೆಗೆ ಗೆದ್ದ ಋಷಿಯ ಹೆಸರು ಬಂದು ಅಗಸ್ತ್ಯತೀರ್ಥವಾಯಿತು. ಆದರೆ ಊರಿಗೆ ಉಳಿದದ್ದು ಸೋತವನ ಹೆಸರು. ಇಮ್ಮಡಿ ಪುಲಕೇಶಿಯಂಥ ಚಕ್ರವರ್ತಿ ಆಳಿದ ರಾಜಧಾನಿ ವಾತಾಪಿ. ಇಂದಿಗೂ ಕೂಸಿಗೆ ಉಣಿಸಿದ ತಾಯಿ ಅದರ ಹೊಟ್ಟೆ ಸವರುತ್ತ ಅರಗಿಹೋಗೆಂದು ಹೇಳುವುದು ಆ ವಾತಾಪಿಗೇ. ಅಸುರನು ಅರಗಿದರೂ ಅವನ ಹೆಸರು ಅರಗಲಿಲ್ಲ.

ಇನ್ನು ವಿಚಿತ್ರ ಪ್ರಾಣಿಗಳ ಮಾತು. ಹತ್ತು ತಲೆ, ನೂರು ಕಾಲು, ಮೈತುಂಬ ಕಣ್ಣು ಎಂದು ಪೇರಿಸಿದರೆ ಪ್ರಾಣಿ ಹುಟ್ಟುವುದಿಲ್ಲ. ನಮ್ಮ ಗುಡಿಗಳ ಮಕರವನ್ನು ನೋಡಿರಿ. ಅದಕ್ಕೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ಮೀನಿನ ಮೈ. ಈ ಮೂರನ್ನೂ ಶಿಲ್ಪಿ ಕಣ್ಣಾರೆ ಕಂಡಿದ್ದನು. ಮೂರೂ ನೀರನ್ನು ಮೆಚ್ಚುವ ಪ್ರಾಣಿಗಳು. ಆದ್ದರಿಂದ ಅವು ಒಂದರೊಳಗೊಂದು ಕೂಡಿಕೊಂಡವು. ಇಳಕಲ್ಲಿನ ನೇಕಾರರನ್ನು ಕೇಳಿದರೆ ಈ ಗುಟ್ಟನ್ನು ಇನ್ನೂ ಚೆನ್ನಾಗಿ ಹೇಳಿಯಾರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಟೋಪತೆನಿ ಸೆರಗು ನೆಯ್ಗೆಗೆ ಬರುತ್ತದೆ. ಕೊಂಡಿ ಸರಿಬೀಳದಿದ್ದರೆ ಸೆರಗು ಎಷ್ಟು ಕೆಂಪಾಗಿದ್ದರೇನು, ಸೀರೆ ನಿಲ್ಲದು. ಕಲ್ಪಿತ ಪ್ರಾಣಿಗೂ ಇದೇ ಮಾತು. ಅಂಗಗಳಿಗಿಂತ ಅವುಗಳ ಬೆಸುಗೆ ಮುಖ್ಯ. ಅದು ಏನನ್ನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಬೇಸಿಗೆಯಲ್ಲಿ ನೀರಿಗೆ ಎಲ್ಲಿ ಹೋಗುತ್ತದೆ ಎಂಬುದನ್ನು ಹೇಳಬಲ್ಲವನೇ ಅದರ ನಿಜವಾದ ಕರ್ತೃ.

ಬಾದಾಮಿಯ ಗುಹೆಗಳ ಜಗಲಿಯ ಕೆಳಪಟ್ಟಿಯಲ್ಲಿ ಕುಳ್ಳ ಗಣಗಳ ಸಾಲನ್ನು ಎಲ್ಲರೂ ನೋಡಿದ್ದೇವೆ. ಹೆಚ್ಚಿನವರು ನೋಡಿದೆವೆಂಬುದನ್ನೇ ಮರೆತಿದ್ದೇವೆ. ಒಬ್ಬ ಕುಣಿಯುತ್ತಾನೆ, ಒಬ್ಬ ವಾದ್ಯ ಬಾರಿಸುತ್ತಾನೆ, ಮತ್ತೊಬ್ಬ ಹೊಟ್ಟೆ ಮುಂದೆ ಮಾಡಿ ನಗುತ್ತಾನೆ. ಅವರಿಗೆ ಪುರಾಣದಲ್ಲಿ ಹೆಸರಿಲ್ಲ, ಯುದ್ಧದಲ್ಲಿ ಪದವಿಯಿಲ್ಲ. ಆದರೂ ಶಿಲ್ಪಿಯು ಅವರನ್ನು ಒಂದೇ ಅಚ್ಚಿನಿಂದ ತೆಗೆಯಲಿಲ್ಲ. ನಮ್ಮ ಕಥೆಗಳಲ್ಲಿ ಹತ್ತು ಸಾವಿರ ಸಂಖ್ಯೆಯಲ್ಲಿ ಬಂದು ಹತ್ತು ಸಾವಿರ ಸಂಖ್ಯೆಯಲ್ಲಿಯೇ ಸಾಯುವ ಸೈನಿಕರಿಗೆ ಈ ಭಾಗ್ಯವಿಲ್ಲ.

ರಕ್ಕಸನು ನೆಲದಿಂದ ಹುಟ್ಟಬೇಕೆಂಬುದು ನನ್ನ ಇನ್ನೊಂದು ಮಾತು. ಚೊಳಚಗುಡ್ಡದ ಬಳಿಯ ಬನಶಂಕರಿಯನ್ನು ಶಾಕಂಭರಿ ಎನ್ನುತ್ತೇವೆ. ಪುರಾಣದ ದುರ್ಗಮಾಸುರನು ಲೋಕವನ್ನು ಕತ್ತಿಯಿಂದ ಪೀಡಿಸಲಿಲ್ಲ. ಅವನು ತಪಸ್ಸು ಮಾಡಿ ವೇದಗಳನ್ನು ತನ್ನದಾಗಿಸಿಕೊಂಡನು, ಯಜ್ಞಗಳು ನಿಂತವು, ಮಳೆ ನೂರು ವರ್ಷ ನಿಂತಿತು. ಆಗ ದೇವಿ ಮೊದಲು ಅತ್ತಳು. ನೂರು ಕಣ್ಣುಗಳಿಂದ ಒಂಬತ್ತು ರಾತ್ರಿ ನೀರು ಸುರಿಸಿದಳು. ತನ್ನ ಮೈಯಿಂದ ಕಾಯಿಪಲ್ಯಗಳನ್ನು ಕೊಟ್ಟು ಜನರನ್ನು ಬದುಕಿಸಿದಳು. ಆಮೇಲೆ ಆಯುಧ ಹಿಡಿದಳು. ಬರವೆಂದರೇನೆಂದು ಬಲ್ಲ ಸೀಮೆಯಲ್ಲಿ ಈ ಕಥೆ ಏಕೆ ಬೇರೂರಿತೆಂದು ವಿವರಿಸಬೇಕಾಗಿಲ್ಲ. ಬನದ ಹುಣ್ಣಿಮೆಯ ಜಾತ್ರೆಗೆ ಮುನ್ನ ನೂರೆಂಟು ಬಗೆಯ ಪಲ್ಯಗಳ ನೈವೇದ್ಯವಾಗುವ ಪಲ್ಯದ ಹಬ್ಬ ಇಂದಿಗೂ ನಡೆಯುತ್ತದೆ. ಇಲ್ಲಿ ಅಸುರನೆಂದರೆ ಬರ, ದೇವಿಯೆಂದರೆ ಪಲ್ಯ. ಎರಡೂ ನಮ್ಮ ಹೊಲದವೇ.

ಹುನಗುಂದ ತಾಲೂಕಿನ ಐಹೊಳೆಯಲ್ಲಿಯೂ ಹೀಗೆಯೇ. ಪರಶುರಾಮನು ಕ್ಷತ್ರಿಯರ ರಕ್ತ ಹತ್ತಿದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನಂತೆ. ನೀರು ಕೆಂಪಾದುದನ್ನು ಕಂಡ ಹೆಣ್ಣುಮಗಳು 'ಅಯ್ಯೋ ಹೊಳೆ' ಎಂದು ಚೀರಿದಳಂತೆ. ಊರಿಗೆ ಅದೇ ಹೆಸರಾಯಿತಂತೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದಿಂದ ಅದು ದೂರದೂರಕ್ಕೆ ಹಬ್ಬಿತ್ತು. ಹೆಸರು ಮೊದಲು, ಕಥೆ ಆಮೇಲೆ ಎಂದು ಪಂಡಿತರು ಹೇಳಬಹುದು. ಆದರೆ ಕಥೆ ಕಟ್ಟಿದವನ ಮನಸ್ಸನ್ನು ಗಮನಿಸಿರಿ. ಅವತಾರ ಪುರುಷನ ಕೀರ್ತಿಯನ್ನು ಹೇಳುವ ಕಥೆಯಲ್ಲಿ ಕೊನೆಯ ಮಾತನ್ನು ಅವನು ಆ ಅವತಾರ ಪುರುಷನಿಗೆ ಕೊಡಲಿಲ್ಲ. ನೀರಿಗೆ ಬಂದ ಹೆಣ್ಣುಮಗಳ ಭಯಕ್ಕೆ ಕೊಟ್ಟನು. ಗೆಲುವಿನ ಕೆಂಪನ್ನು ನೋಡಿ ಅಯ್ಯೋ ಎನ್ನುವವರೊಬ್ಬರು ಪ್ರತಿಯೊಂದು ಯುದ್ಧದ ಕಥೆಯಲ್ಲಿಯೂ ಇರಬೇಕು.

ದೇವತೆಗಳ ಕಲಹವನ್ನು ನಮ್ಮ ಹಿರಿಯರು ಹೇಗೆ ನಡೆಸಿದರೆಂಬುದನ್ನೂ ನೋಡೋಣ. ಬಾದಾಮಿಯ ಮೂರನೆಯ ಗುಹೆ ಮಂಗಳೇಶನ ಕಾಲದ್ದು. ಅಲ್ಲಿಯ ಶಾಸನದ ಕಾಲ ಕ್ರಿ. ಶ. ೫೭೮. ಅಲ್ಲಿ ತ್ರಿವಿಕ್ರಮನು ಕಾಲೆತ್ತಿ ನಿಂತಿದ್ದಾನೆ. ಆ ಕಾಲಿನಡಿಗೆ ರಾಜ್ಯ ಕಳೆದುಕೊಂಡ ಬಲಿಯು ದಾನ ಕೊಟ್ಟು ಕೆಟ್ಟವನು, ಮಾತಿಗೆ ತಪ್ಪದೆ ಸೋತವನು. ದೀಪಾವಳಿಯ ಪಾಡ್ಯ ಇಂದಿಗೂ ಬಲಿಪಾಡ್ಯಮಿಯೇ ಹೊರತು ವಾಮನಪಾಡ್ಯಮಿಯಲ್ಲ. ಅದೇ ಗುಹೆಯ ನರಸಿಂಹನು ಕರುಳು ಬಗೆಯುತ್ತಿಲ್ಲ, ಶಾಂತನಾಗಿ ನಿಂತಿದ್ದಾನೆ. ಒಂದನೆಯ ಗುಹೆಯಲ್ಲಿಯೂ ಮೂರನೆಯದರಲ್ಲಿಯೂ ಹರಿ ಹರರು ಒಂದೇ ಮೈಯಾಗಿದ್ದಾರೆ. ಸ್ವಲ್ಪ ಮೇಲಕ್ಕೆ ಹತ್ತಿದರೆ ಜೈನರ ಗುಹೆ. ಅಲ್ಲಿ ಬಾಹುಬಲಿ, ಪಾರ್ಶ್ವನಾಥರು. ಐಹೊಳೆಯ ಮೇಗುತಿಯಲ್ಲಿ ೬೩೪ರಲ್ಲಿ ಪುಲಕೇಶಿಯ ದಿಗ್ವಿಜಯವನ್ನು ಕಲ್ಲಿಗೇರಿಸಿದ ರವಿಕೀರ್ತಿ ಜೈನಕವಿ. ಅವನ ಒಡೆಯನ ಲಾಂಛನವಾದರೋ ವಿಷ್ಣುವಿನ ವರಾಹ. ಕಥೆಯಲ್ಲಿ ಕಾದುವ ದೇವರುಗಳು ಗುಡ್ಡದ ಮೇಲೆ ನೆರೆಹೊರೆಯವರಾಗಿ ಬಾಳಿದರು.

ಇದು ಬರಿಯ ಕಲ್ಲಿನ ಮಾತಲ್ಲ, ನಿಜವಾದ ರಣರಂಗದ ಮಾತೂ ಹೌದು. ೬೪೨ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನವನ್ನೂ ಬಿಟ್ಟುಹೋದನು. ಸುಮಾರು ನೂರು ವರ್ಷಗಳ ತರುವಾಯ ನಮ್ಮ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು? ಆದರೆ ಕಂಚಿಯ ರಾಜಸಿಂಹೇಶ್ವರ ಗುಡಿಯಲ್ಲಿ, ಕನ್ನಡದಲ್ಲಿಯೇ ಇರುವ ಅವನ ಶಾಸನವು ಬೇರೆಯೇ ಸುದ್ದಿಯನ್ನು ಹೇಳುತ್ತದೆ: ಆ ದೇವರ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಮರಳಿ ಬಿಟ್ಟುಕೊಟ್ಟನೆಂದು. ಆ ಗೆಲುವಿನ ನೆನಪಿಗಾಗಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ಗುಡಿಯೇ ಇಂದಿನ ವಿರೂಪಾಕ್ಷ. ಅದನ್ನು ನೋಡಿದವರಿಗೆ ಕಂಚಿಯ ಗುಡಿಯ ಹೋಲಿಕೆ ಕಾಣದಿರದು. ವೈರಿಯಿಂದಲೂ ಕಲಿತು ಕಟ್ಟಿದ ವಿಜಯಸ್ತಂಭವದು. ಇಂಥ ತಿರುವನ್ನು ಕಲ್ಪಿತ ಲೋಕದಲ್ಲಿ ತಂದ ಲೇಖಕನನ್ನು ನಾವು ಪ್ರತಿಭಾವಂತನೆಂದು ಹೊಗಳುತ್ತೇವೆ. ನಮ್ಮ ಅರಸರು ಅದನ್ನು ಬದುಕಿನಲ್ಲಿಯೇ ಮಾಡಿದರು.

ನಮ್ಮ ಕಾವ್ಯಪರಂಪರೆ ಈ ದಾರಿಯನ್ನು ಬಿಡಲಿಲ್ಲ. ಮುಧೋಳದ ಮಗನಾದ ರನ್ನನು ಹತ್ತನೆಯ ಶತಮಾನದಲ್ಲಿ ಗದಾಯುದ್ಧವನ್ನು ಬರೆದನು. ಕಾವ್ಯದ ನಾಯಕ ಭೀಮ. ಅವನ ಮರೆಯಲ್ಲಿ ಕವಿಯ ಒಡೆಯನಾದ ಚಾಲುಕ್ಯ ಸತ್ಯಾಶ್ರಯ. ಆದರೂ ಓದಿ ಪುಸ್ತಕ ಮುಚ್ಚಿದಾಗ ಮನಸ್ಸಿನಲ್ಲಿ ನಿಲ್ಲುವವನು, ಹೆಣಗಳ ನಡುವೆ ತಮ್ಮಂದಿರನ್ನೂ ಗೆಳೆಯನನ್ನೂ ನೆನೆದು ಅಳುವ ದುರ್ಯೋಧನ. ೧೯೪೯ರಲ್ಲಿ ಹೊರಬಂದ ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ ಕಾವ್ಯದಲ್ಲಿ ರಾವಣನಿಗೂ ಆತ್ಮೋದ್ಧಾರದ ಬಾಗಿಲು ತೆರೆದಿದೆ. ಅಕ್ಷರ ಬಾರದವರ ಬಯಲಾಟದಲ್ಲಿಯೂ ಈ ಧರ್ಮವಿದೆ: ಸಾರಥಿಯು ನೀವಾರೆಂದು ಕೇಳಿದಾಗ ದೇವರ ಪಾತ್ರದಂತೆಯೇ ರಕ್ಕಸನೂ ಮೀಸೆ ತಿರುವುತ್ತ ತನ್ನ ಹೆಸರು, ಊರು, ಪರಾಕ್ರಮಗಳನ್ನು ಪೂರ್ತಿಯಾಗಿ ಹೇಳಿಕೊಳ್ಳುತ್ತಾನೆ. ಅವನ ಮಾತು ಮುಗಿಯುವವರೆಗೆ ದೇವರು ಕಾಯಬೇಕು.

ಪಶ್ಚಿಮದವರು ಇದನ್ನು ಅರಿತಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಇಂಗ್ಲೆಂಡಿನ ಪ್ರಾಧ್ಯಾಪಕ ಟೋಲ್ಕಿನ್ ೧೯೫೪-೫೫ರಲ್ಲಿ ಪ್ರಕಟಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಈ ಬಗೆಯ ಕಥೆಗಳಿಗೆಲ್ಲ ಮೇಲ್ಪಂಕ್ತಿಯಾಯಿತು. ಅದರಲ್ಲಿ ಓರ್ಕ್ ಎಂಬ ಕ್ರೂರ ಜಾತಿಯಿದೆ. ಹುಟ್ಟಿನಿಂದಲೇ ಕೆಟ್ಟ, ಉದ್ಧಾರವೇ ಇಲ್ಲದ ಜಾತಿಯೊಂದು ಇರಲು ಸಾಧ್ಯವೇ ಎಂಬ ಪ್ರಶ್ನೆ ಅವರನ್ನು ಬಹುಕಾಲ ಕಾಡಿತು. ಅವರ ಪತ್ರಗಳಲ್ಲಿಯೂ ಕೊನೆಗಾಲದ ಬರಹಗಳಲ್ಲಿಯೂ ಆ ತೊಳಲಾಟ ಕಾಣುತ್ತದೆ. ಗುರುವನ್ನು ಕಾಡಿದ ಪ್ರಶ್ನೆ ಅನುಕರಿಸುವ ಶಿಷ್ಯರನ್ನು ಕಾಡುವುದಿಲ್ಲ. ಅವರು ಓರ್ಕನ ಹಲ್ಲನ್ನು ಮಾತ್ರ ಎರವಲು ತರುತ್ತಾರೆ.

ಇಷ್ಟಕ್ಕೂ ಇದು ಕಥೆ ತಾನೆ, ಕಥೆಯ ರಕ್ಕಸನಿಗೆ ನ್ಯಾಯವೇಕೆ ಎಂದು ಕೇಳುವವರುಂಟು. ಇನ್ನೊಂದು ದಿಕ್ಕಿನಿಂದ, ಇದೇ ಹುನಗುಂದ ತಾಲೂಕಿನ ಕೂಡಲಸಂಗಮದ ಹೆಸರನ್ನು ಅಂಕಿತವಾಗಿಸಿಕೊಂಡ ಬಸವಣ್ಣನವರು ಭಯದಿಂದ ಹುಟ್ಟಿದ ಬಹುದೈವಗಳನ್ನೇ ಹಳಿದರಲ್ಲ, ಹೊಸ ದೇವರುಗಳನ್ನು ಹುಟ್ಟಿಸುವುದೇ ತಪ್ಪಲ್ಲವೇ ಎಂದು ಕೇಳುವವರೂ ಇರಬಹುದು. ಎರಡಕ್ಕೂ ಉತ್ತರ ಒಂದೇ. ಕಥೆಯ ದೇವರನ್ನು ಯಾರೂ ಪೂಜಿಸುವುದಿಲ್ಲ. ಆದರೆ ಕಥೆಯಲ್ಲಿ ಕಲಿತ ದ್ವೇಷದ ರೀತಿ ಕಥೆಯ ಹೊರಗೂ ನಡೆಯುತ್ತದೆ. ಒಂದು ಜಾತಿಯೇ ಹುಟ್ಟಿನಿಂದ ಕೆಟ್ಟದ್ದು, ಅವರ ಬಣ್ಣವೇ ಅದಕ್ಕೆ ಗುರುತು, ಅವರ ಊರಿಗೆ ಬೆಂಕಿಯಿಟ್ಟರೆ ಪಾಪವಿಲ್ಲ ಎಂದು ನೂರು ಕಥೆಗಳಲ್ಲಿ ಓದಿದ ಹುಡುಗನು, ಒಂದು ದಿನ ಪಕ್ಕದ ಓಣಿಯವರನ್ನೂ ಅದೇ ಕಣ್ಣಿನಿಂದ ನೋಡಲಾರನೆಂಬ ಭರವಸೆ ಏನಿದೆ? ಮನುಷ್ಯರನ್ನು ರಕ್ಕಸರೆಂದು ಕರೆದ ಮೇಲೆಯೇ ಲೋಕದ ದೊಡ್ಡ ಕೊಲೆಗಳೆಲ್ಲ ನಡೆದಿವೆ. ದೇವರ ಹೆಸರಿನಲ್ಲಿ ಹೆದರಿಸುವುದನ್ನು ಬಸವಣ್ಣನವರು ಒಪ್ಪಲಿಲ್ಲ. ರಕ್ಕಸನ ಹೆಸರಿನಲ್ಲಿ ಹೆದರಿಸುವುದನ್ನು ನಾವೂ ಒಪ್ಪಬಾರದು.

ರಕ್ಕಸನೇ ಇಲ್ಲದ ದುಃಖವೂ ಉಂಟೆಂಬುದನ್ನು ಬಾಗಲಕೋಟೆಯವರು ಯಾರಿಂದಲೂ ಕಲಿಯಬೇಕಾಗಿಲ್ಲ. ಪರದೇಶದ ಕಥೆಗಳಲ್ಲಿ ನೀರಿನಡಿಗೆ ಸೇರಿದ ಪಟ್ಟಣವೆಂದರೆ ಅದ್ಭುತ. ನಮಗೆ ಅದು ಮನೆಯ ಸಂಗತಿ. ೧೯೬೪ರಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಮುಂದೆ ಅದರ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೂ ಸುತ್ತಲ ಅನೇಕ ಹಳ್ಳಿಗಳಿಗೂ ಬಂದಿತು. ಜನ ಮನೆಗಳನ್ನು ಬಿಟ್ಟು ನವನಗರಕ್ಕೆ ನಡೆದರು. ಆ ನೀರೇ ಬೇರೆ ಕಡೆಯ ಒಣ ಹೊಲಗಳಿಗೆ ಜೀವವಾಯಿತು. ಇಲ್ಲಿ ಯಾರು ದೇವರು, ಯಾರು ಅಸುರ? ಇಂಥ ಕಥೆಯನ್ನು ಬರೆಯಹೊರಟವನು ಒಬ್ಬ ರಕ್ಕಸನನ್ನು ಹುಟ್ಟಿಸಿ ಎಲ್ಲ ದುಃಖವನ್ನೂ ಅವನ ತಲೆಗೆ ಕಟ್ಟಿದರೆ ಕೆಲಸ ಹಗುರವಾದೀತು, ಕಥೆ ಸುಳ್ಳಾದೀತು. ಇಬ್ಬರದೂ ನ್ಯಾಯವಾಗಿದ್ದು ಒಬ್ಬರು ಮುಳುಗಬೇಕಾದ ಕಥೆಯನ್ನು ಬರೆಯುವುದು ಕಠಿನ. ಆ ಕಠಿನ ಕೆಲಸಕ್ಕೆ ಬೇಕಾದ ಅನುಭವ ನಮ್ಮ ಸೀಮೆಯ ಮನೆಮನೆಯಲ್ಲಿಯೂ ಇದೆ.

ಆದ್ದರಿಂದ ಲೋಕಗಳನ್ನು ಕಟ್ಟುತ್ತಿರುವ ಗೆಳೆಯ ಗೆಳತಿಯರಲ್ಲಿ ನನ್ನ ವಿನಂತಿ ಇಷ್ಟೇ. ಧಾರಾಳವಾಗಿ ಕಟ್ಟಿರಿ. ಮಕರಕ್ಕಿಂತ ವಿಚಿತ್ರವಾದುದನ್ನು ಮಾಡಿರಿ. ಆದರೆ ಕೊಂಡಿಯನ್ನು ಸರಿಯಾಗಿ ಹಾಕಿರಿ. ಮಾಯೆಗೆ ಕಟ್ಟಳೆಯಿರಲಿ. ಯುದ್ಧ ಹೂಡುವ ಮೊದಲು ಎದುರಾಳಿಯ ದೇವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ನಿನ್ನ ದೂರೇನೆಂದು ಕೇಳಿರಿ. ಅವನು ಸೋತ ಮೇಲೆ ನಿಮ್ಮ ಲೋಕದ ಯಾವುದಾದರೊಂದು ಊರಿಗೆ, ಕೆರೆಗೆ, ಇಲ್ಲವೆ ಹಬ್ಬಕ್ಕೆ ಅವನ ಹೆಸರನ್ನಿಡಿರಿ. ನಮ್ಮ ಹಿರಿಯರು ರಾಜಧಾನಿಗೇ ಇಟ್ಟಿದ್ದರು.